ಎಷ್ಟು ಸಾವಕಾಶ ಹೋಗತೈತಿ?

ಕಾರು ಕೊಳ್ಳುವವನಿಗೆ ಒಂದು ನೆಪ ಬೇಕು. ಅದರಲ್ಲೂ ನಾಲ್ಕೂ ಗಾಲಿಗೆ ಒಟ್ಟಿಗೇ ಬಲ ಹೋಗುವ, ಕಣ್ಣು ಪಿಳುಕಿಸುವುದರೊಳಗೆ ನೂರರ ವೇಗ ಮುಟ್ಟುವ ಕಾರನ್ನು ಇಚಲಕರಂಜಿಯಲ್ಲಿ ದಿನಬಳಕೆಗೆಂದು ಕೊಳ್ಳುವವನಿಗೆ ನೆಪ ಗಟ್ಟಿಯಾಗಿಯೇ ಇರಬೇಕು. ಆ ಊರಿನ ಶಹಾಪುರ ಭಾಗದಲ್ಲಿ ಮಗ್ಗದ ಶೆಡ್ಡು ನಡೆಸುವ ಅಭಯನಿಗೆ ಅಂಥದ್ದೊಂದು ಸಿಕ್ಕಿತ್ತು. ಅದು ಅವನ ಅವ್ವನ ಸಂಜೆಯ ಊಟ.

ನಗಬೇಡಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಿಜವೇ ಇತ್ತು. ಅಭಯನ ಅವ್ವ ಅಕ್ಕಾತಾಯಿ ಕಟ್ಟುನಿಟ್ಟಿನ ಜೈನ ಹೆಂಗಸು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಹನಿ ನೀರು ಹಾಕುವವಳಲ್ಲ. ಬಾವಿಯ ನೀರು ಸೋಸಿ ತನ್ನ ಕೈಯಾರೆ ಮಾಡಿಕೊಂಡದ್ದನ್ನು ಬಿಟ್ಟರೆ ಬೇರೆ ಯಾರ ಮನೆಯದನ್ನೂ ಮುಟ್ಟುವವಳಲ್ಲ, ಮಗಳ ಮನೆಯದನ್ನೂ ಸೇರಿಸಿ. ಮಗಳು ವೃಷಾಲಿ ಇರುವುದು ಗಡಹಿಂಗ್ಲಜದಲ್ಲಿ. ಬೆನ್ನಿನ ಆಪರೇಷನ್ ಆದಾಗಿನಿಂದ ಅವಳು ಹಾಸಿಗೆ ಹಿಡಿದಿದ್ದಾಳೆ. ದಿಂಬಿಗೊರಗಿ ಸ್ವಲ್ಪ ಹೊತ್ತು ಕೂತರೆ ಅದೇ ದೊಡ್ಡದು, ಗಾಡಿ ಹತ್ತಿ ತವರಿಗೆ ಬರುವ ಮಾತೇ ಇಲ್ಲ. ಪ್ರತಿ ರವಿವಾರ ಅಭಯ ಅವ್ವನನ್ನು ಹಳೆಯ ಡೀಸೆಲ್ ಗಾಡಿಯಲ್ಲಿ ಅಲ್ಲಿಗೆ ಕರೆದೊಯ್ಯುತ್ತಾನೆ. ಅವ್ವ ಮಗಳಿಗೆ ಎಣ್ಣೆ ಹಚ್ಚಿ ಮೈ ತೊಳೆದು, ತಲೆ ಬಾಚಿ, ಪಕ್ಕದಲ್ಲಿ ಕೂತು ಇನ್ನೇನು ಮಾತು ಶುರುವಾಗಬೇಕು, ಅಷ್ಟರಲ್ಲಿ ಅಭಯ ಹೊರಗಿನಿಂದ ಕೂಗುತ್ತಾನೆ: "ನಡಿ ಅವ್ವಾ, ಹೊತ್ತು ಇಳೀತು." ಆ ಕೂಗಿಗೆ ವೃಷಾಲಿಯ ಮುಖ ಸಣ್ಣದಾಗುವುದನ್ನು ಅವನು ವಾರವಾರವೂ ನೋಡಿದ್ದಾನೆ.

ಹಾಗಾಗಿ ವೇಗದ ಗಾಡಿ ಬಂದರೆ ಅವ್ವ ಮಗಳ ಹತ್ತಿರ ಇನ್ನಷ್ಟು ಹೊತ್ತು ಕೂರಬಹುದು, ಊಟಕ್ಕೂ ಸರಿಯಾಗಿ ಮನೆ ಸೇರಬಹುದು. ಈ ಲೆಕ್ಕ ಹೊಳೆದ ದಿನ ಅಭಯನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಹುಡುಗನಾಗಿದ್ದಾಗಿನಿಂದ ಅವನಿಗೆ ಅಂಥ ಕಾರಿನ ಹುಚ್ಚು. ಶೆಡ್ಡು ಅಪ್ಪ ಕೊಟ್ಟದ್ದು, ಸಂಬಂಧ ಮಾವಂದಿರು ನೋಡಿದ್ದು, ಮನೆಯ ಬಣ್ಣ ಕೂಡ ಹೆಂಡತಿ ಆರಿಸಿದ್ದು. ಕಾರನ್ನಾದರೂ ತಾನೇ ಆರಿಸಬೇಕು ಎಂದು ಹಟ ತೊಟ್ಟಿದ್ದ.

ಮೂರು ಕಾರುಗಳ ನಡುವೆ ಅವನ ಜೀವ ಸಿಕ್ಕಿಕೊಂಡಿತ್ತು. ಒಂದು ಜರ್ಮನಿಯ ಪೆಟ್ರೋಲ್ ಕಾರು. ಅದರ ಎಂಜಿನ್ನು ಗುರುಗುಟ್ಟಿದರೆ ನೇರ ಎದೆಗೇ ಕೇಳುತ್ತಿತ್ತು. ಇನ್ನೊಂದು ಎತ್ತರದ್ದು, ಶಹಾಪುರದ ತಗ್ಗುದಿನ್ನೆಗಳಿಗೆ ಹೇಳಿ ಮಾಡಿಸಿದಂತಿತ್ತು, ಆದರೆ ಮೋರೆ ಕೋಣನದು. ಮೂರನೆಯದು ಮುಂದೊಂದು ಹಿಂದೊಂದು ಮೋಟರಿರುವ ಕರೆಂಟಿನ ಕಾರು. ಓಟದಲ್ಲಿ ಅದು ಉಳಿದೆರಡನ್ನೂ ಹಿಂದೆ ಹಾಕುತ್ತಿತ್ತು, ಆದರೆ ಸದ್ದೇ ಇಲ್ಲ. ಮಗ್ಗದ ಸದ್ದಿನಲ್ಲಿ ಹುಟ್ಟಿ ಬೆಳೆದವನಿಗೆ ಸದ್ದಿಲ್ಲದ ಯಂತ್ರವೆಂದರೆ ಕೆಟ್ಟು ನಿಂತ ಯಂತ್ರವೇ. ಅಭಯ ಮೊಬೈಲಿನಲ್ಲಿ ಆ ಮೂರರ ವಿಡಿಯೋಗಳನ್ನು ನೋಡಿ ನೋಡಿ ಕಣ್ಣು ಕೆಂಪಾಗಿಸಿಕೊಂಡ.

"ಇದಕ್ಕ ಟ್ರ್ಯಾಲಿ ಹಚ್ಚಾಕ ಬರ್ತೈತೇನು?" ಎಂದು ಅವನಪ್ಪ ಜಿನಗೊಂಡ ಕೇಳಿದ.

"ಇಷ್ಟ ಜೋರ ಹೋಗಿ ಎಲ್ಲಿ ನಿಂದರ್ತೀರಿ? ಪಂಚಗಂಗಾ ಬ್ರಿಜ್ಜಿನ ಮ್ಯಾಲ ಟ್ರಾಫಿಕ್ಕಿನ್ಯಾಗ ಹೌದಿಲ್ರಿ?" ಎಂದು ಹೆಂಡತಿ ಮನೀಷಾ ನಕ್ಕಳು.

"ಅವ್ವನ ಸಲುವಾಗಿ ನಡದೈತಿ ಇದೆಲ್ಲಾ," ಎಂದು ಅಭಯ ಮುಖ ಬಿಗಿದು ಹೇಳಿದ. ಮಗ ತನಗೋಸ್ಕರ ಇಷ್ಟು ತಲೆ ಕೆಡಿಸಿಕೊಂಡಿದ್ದಾನಲ್ಲ ಎಂದು ಅವ್ವನಿಗೆ ಒಳಗೊಳಗೇ ಹಿಗ್ಗು.

ಮಳೆ ಹಿಂದೆ ಸರಿದ ಮೇಲೆ ಒಂದು ರವಿವಾರ ಕೊಲ್ಹಾಪುರದ ಶೋರೂಮಿನವರು ಆ ಜರ್ಮನಿಯ ಕಾರನ್ನು ಓಡಿಸಿ ನೋಡಲು ಕೊಟ್ಟರು. ಜೊತೆಗೆ ರೋಹನ ಎಂಬ ಸೇಲ್ಸ್‌ಮನ್ ಬಂದು ಹಿಂದಿನ ಸೀಟಿನಲ್ಲಿ ಕೂತ. ಮುಂದಿನ ಸೀಟು ಅವ್ವನದು. ಗಡಹಿಂಗ್ಲಜ ಮುಟ್ಟಿದಾಗ ಅಭಯ ಜಂಬದಿಂದ ಹೇಳಿದ, "ಇವತ್ತ ಗಡಿಬಿಡಿ ಮಾಡಬ್ಯಾಡ ಅವ್ವಾ. ಗಾಡಿ ಬ್ಯಾರೆ ಐತಿ. ಆರಾಮಶೀರ ಕೂಡು."

ಅವ್ವ ಕೂತಳು. ಆ ದಿನ ವೃಷಾಲಿ ಎಷ್ಟು ಮಾತಾಡಿದಳೆಂದರೆ, ಆಪರೇಷನ್ ಆದ ಮೇಲೆ ಅಷ್ಟು ಮಾತಾಡಿದ್ದನ್ನು ಅಭಯ ಕೇಳಿರಲಿಲ್ಲ. ಕೊನೆಗೆ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಹಾಗೇ ನಿದ್ದೆ ಹೋದಳು. ಅಭಯ ಬಾಗಿಲಲ್ಲಿ ನಿಂತು ನೋಡಿದ, ಕೂಗಲಿಲ್ಲ. ಕಾರು ಇನ್ನೂ ಕೊಂಡಿರಲಿಲ್ಲ, ಆಗಲೇ ಅದು ಸಾರ್ಥಕವಾಯಿತು ಎನಿಸಿತು ಅವನಿಗೆ.

ಹೊರಟಾಗ ಹೊತ್ತು ಸಾಕಷ್ಟು ಇಳಿದಿತ್ತು. ಸಂಕೇಶ್ವರ ದಾಟಿ ಹೆದ್ದಾರಿ ಹತ್ತಿದ್ದೇ ತಡ, ಅಭಯ ಕಾಲು ಒತ್ತಿದ. ಬೆನ್ನು ಸೀಟಿಗೆ ಅಂಟಿಕೊಂಡಿತು. ಲಾರಿಗಳು, ಬಸ್ಸುಗಳು ಒಂದೊಂದಾಗಿ ಹಿಂದಕ್ಕೆ ಬಿದ್ದವು. ತವಂದಿ ಘಾಟಿನ ತಿರುವುಗಳಲ್ಲಿ ನಾಲ್ಕೂ ಗಾಲಿ ನೆಲವನ್ನು ಕಚ್ಚಿ ಹಿಡಿದವು. ರೋಹನ ಹಿಂದಿನಿಂದ, "ಸರ್, ಜರಾ ಸಾವಕಾಶ," ಎಂದು ಒಮ್ಮೆ ಅಂದು ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡ. ಅವ್ವ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದಳು. ಎರಡೂ ಕಡೆಯ ಕಬ್ಬು, ಸೋಯಾ ಹೊಲಗಳಿಂದ ಸಂಜೆಯ ಹುಳಗಳು ಏಳುವ ಹೊತ್ತು ಅದು. ಮುಂದಿನ ಗಾಜಿಗೆ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಟಪಟಪ ಸದ್ದಾಗುತ್ತಿತ್ತು. ಅಭಯ ವೈಪರ್ ಹಾಕಿದ. ಗಾಜು ಮಸುಕಾಯಿತು, ನೀರು ಹಾರಿಸಿದ, ಮತ್ತೆ ಒತ್ತಿದ.

ಮನೆಯ ಮುಂದೆ ಬಂದು ನಿಂತಾಗ ಬೆಳಕು ಇನ್ನೂ ಇತ್ತು. ಗೆದ್ದವನ ಹಾಗೆ ಅಭಯ ಇಳಿದು ಅವ್ವನ ಕಡೆಯ ಬಾಗಿಲು ತೆಗೆದ. "ನೋಡು ಅವ್ವಾ, ಹೊತ್ತಿನ್ನೂ ಮ್ಯಾಲ ಐತಿ! ಇಳಿ, ಕೈಕಾಲ ತೊಕ್ಕೊಂಡು ಉಣ್ಣಾಕ ಕೂಡು."

ಅವ್ವ ಇಳಿದಳು. ಮನೆಯೊಳಗೆ ಹೋಗುವ ಬದಲು ಕಾರಿನ ಮುಂದಕ್ಕೆ ಬಂದು ನಿಂತಳು. ಗಾಜಿನ ಅಂಚಿಗೆ, ಮುಂದಿನ ಜಾಲರಿಗೆ, ದೀಪಗಳ ಮೇಲೆ, ಎಲ್ಲ ಕಡೆ ಹುಳಗಳು ಒತ್ತೊತ್ತಾಗಿ ಅಂಟಿಕೊಂಡಿದ್ದವು. ರೆಕ್ಕೆ, ಕಾಲು, ಹಳದಿ ಕಲೆ. ಜಾಲರಿಯಲ್ಲಿ ಸಿಕ್ಕಿದ್ದೊಂದು ಇನ್ನೂ ಕಾಲಾಡಿಸುತ್ತಿತ್ತು.

"ಇವು ಏನೋ?"

"ಹುಳಾ ಅವ್ವಾ. ಸಂಜೀಮುಂದ ಏಳ್ತಾವ. ತೊಳದ್ರ ಹೋಗ್ತಾವ."

"ತೊಳದ್ರ ಹೋಗ್ತಾವ," ಎಂದು ಅವ್ವ ಅವನ ಮಾತನ್ನೇ ಹೇಳಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ನನ್ನ ಒಂದು ತುತ್ತಿನ ಸಲುವಾಗಿ ಇಷ್ಟ ಜೀವ ಹೋದವೇನೋ ಅಭಯಾ?"

ದೀಪಕ್ಕೆ ಬರುವ ಹುಳ ಅನ್ನದಲ್ಲಿ ಬಿದ್ದು ಸತ್ತೀತೆಂದೇ ಈ ಜನ ಕತ್ತಲಾದ ಮೇಲೆ ಉಣ್ಣುವುದಿಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಅಭಯನಿಗೆ ಇದು ಗೊತ್ತು. ಗೊತ್ತಿದ್ದೂ ಆ ಊಟವನ್ನು ಹೊತ್ತಿಗೆ ಮುಟ್ಟಿಸಬೇಕೆಂದು ಹುಳಗಳ ಹಿಂಡಿನೊಳಗೇ ಗಾಡಿ ನುಗ್ಗಿಸಿಕೊಂಡು ಬಂದಿದ್ದ. ಇಂಥ ತಪ್ಪು ಮಾಡಲು ಜೈನನೇ ಆಗಿರಬೇಕು ನೋಡಿ. ಬೇರೆಯವರಿಗಾದರೆ ಊಟಕ್ಕೆ ಅಷ್ಟೊಂದು ಅವಸರವೇ ಇರುತ್ತಿರಲಿಲ್ಲ.

ಮನೀಷಾ ತಟ್ಟೆ ಹಾಕಿದಳು. ರೊಟ್ಟಿ, ಹೆಸರುಕಾಳಿನ ಪಲ್ಯ ಎದುರಿಗಿದ್ದವು. ಅವ್ವ ತಟ್ಟೆಯ ಮುಂದೆ ಕೈ ಕಟ್ಟಿ ಕೂತಳು. "ಹೊತ್ತೈತಿ ಅವ್ವಾ, ಇನ್ನೂ ಐತಿ, ಉಣ್ಣ," ಎಂದು ಅಭಯ ಕಿಟಕಿಗೂ ತಟ್ಟೆಗೂ ನಡುವೆ ಓಡಾಡಿದ. ಕಿಟಕಿಯ ಬೆಳಕು ಹಳದಿಯಾಯಿತು, ಬೂದಿಯಾಯಿತು, ಹೋಯಿತು. ಅವ್ವ ಎದ್ದು ಕೈ ತೊಳೆದುಕೊಂಡಳು. ಕೈಗೆ ಏನೂ ಅಂಟಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಗಂಡನ ಜೊತೆ ಹತ್ತಿರದ ನಾಂದಣಿಗೆ ಹೋದಳು. ಅಲ್ಲಿ ಮುನಿ ಮಹಾರಾಜರೊಬ್ಬರು ಚಾತುರ್ಮಾಸಕ್ಕೆ ನಿಂತಿದ್ದರು. ಹೋಗುವಾಗ ಡೀಸೆಲ್ ಗಾಡಿಯಲ್ಲಿ ಹೋದವಳು ಬರುವಾಗ ನಡೆದು ಬಂದಳು. ಜಿನಗೊಂಡ ಹಿಂದೆ ಹಿಂದೆ ಗಾಡಿ ಉರುಳಿಸಿಕೊಂಡು ಬಂದು ಮಗನ ಮುಂದೆ ಕುಸಿದು ಕೂತ. "ವಾಹನ ಬಿಟ್ಟಾಳಪ್ಪಾ ನಿಮ್ಮವ್ವ. ನಿಯಮ ತಗೊಂಡಾಳ. ಇನ್ನ ಜೀವ ಇರೂತನಕ ಯಾವ ಗಾಡೀನೂ ಹತ್ತೂದಿಲ್ಲಂತ."

ಅಭಯ ಅವ್ವನ ಕಾಲು ಹಿಡಿದ. ಆ ಕಾರು ಬೇಡವೇ ಬೇಡ, ಹಳೆಯ ಗಾಡಿಯನ್ನೇ ಎತ್ತಿನ ಬಂಡಿಯ ಹಾಗೆ ಓಡಿಸುತ್ತೇನೆ ಎಂದ.

"ನಿನ್ನ ಮ್ಯಾಲ ನನಗ ಸಿಟ್ಟಿಲ್ಲ ಮಗಾ," ಅವ್ವ ಅವನ ತಲೆ ಸವರಿದಳು. "ಹಳೇ ಗಾಡೀನೂ ಕೊಲ್ತಿತ್ತು. ನಾ ಎಂದೂ ಮುಂದ ಬಂದು ನೋಡಿದ್ದಿಲ್ಲ, ಅಷ್ಟ. ನೀ ಕಾರ ತಗೋ. ನನ್ನ ಸಲುವಾಗಿ ಬಿಟ್ಟೀ ಅಂದ್ರ ಆ ಭಾರಾನೂ ನನ್ನ ಮ್ಯಾಲ ಬರ್ತೈತಿ."

ಬೈದಿದ್ದರೆ ಚೆನ್ನಾಗಿತ್ತು. ಬೈದಿದ್ದರೆ ಎದುರು ಮಾತಾಡಬಹುದಿತ್ತು, ಊಟ ಬಿಟ್ಟು ಹಟ ಮಾಡಬಹುದಿತ್ತು. ಹೀಗೆ ತಲೆ ಸವರುವವರ ಮುಂದೆ ಗಂಡಸು ಏನು ಮಾಡಬೇಕು? ಅಭಯನಿಗೆ ಸಿಟ್ಟು ನೆತ್ತಿಗೇರಿತು, ಯಾರ ಮೇಲೆ ತೋರಿಸಬೇಕೆಂದು ತಿಳಿಯಲಿಲ್ಲ. ನೇರ ನಾಂದಣಿಗೆ ಹೋಗಿ ಮಹಾರಾಜರ ಮುಂದೆ ಕೈಮುಗಿದು ಕೂತ. "ನಮೋಸ್ತು ಮಹಾರಾಜ. ನಮ್ಮವ್ವನ ನಿಯಮ ಸಡಿಲ ಮಾಡ್ರಿ. ನನ್ನ ತಂಗಿ ಹಾಸಿಗಿ ಮ್ಯಾಲ ಅದಾಳ. ಅವ್ವ ಹೋಗಲಿಲ್ಲಂದ್ರ ಆಕೀಗೆ ಯಾರೂ ಇಲ್ಲ."

"ನಾ ಒಂದು ತಿಂಗಳಿನ ನಿಯಮ ಸಾಕು ಅಂದೆ," ಎಂದರು ಮಹಾರಾಜರು. "ಆಕಿ ಜನ್ಮಪೂರ್ತಿ ಅಂದ್ಲು. ಮಗಳ ಸುದ್ದಿ ನಾನೂ ಕೇಳಿದೆ. ಅದನ್ನ ವಿಚಾರ ಮಾಡೇ ತಗೊಂಡೇನಿ ಅಂದ್ಲು. ನಾ ಕಟ್ಟಿದ್ದಲ್ಲಪ್ಪಾ ಇದು, ನಾ ಹೆಂಗ ಬಿಚ್ಚಲಿ?"

ಅವರ ಕಣ್ಣಲ್ಲೂ ಬೇಸರವಿತ್ತು. ಅಲ್ಲಿಯೂ ಜಗಳಕ್ಕೆ ಯಾರೂ ಸಿಗಲಿಲ್ಲ.

ಮುಂದಿನ ರವಿವಾರಗಳಲ್ಲಿ ಅಭಯ ಒಬ್ಬನೇ ಗಡಹಿಂಗ್ಲಜಕ್ಕೆ ಹೋದ. ಅವನು ಒಳಗೆ ಬಂದ ಮೇಲೂ ವೃಷಾಲಿ ಸ್ವಲ್ಪ ಹೊತ್ತು ಬಾಗಿಲನ್ನೇ ನೋಡುತ್ತಿದ್ದಳು. ಅವಳ ಗಂಡ ಒಳ್ಳೆಯವನೇ, ಆದರೆ ಅವನ ಕೈಯಲ್ಲಿ ಕೂದಲು ಬಾಚಿಸಿಕೊಂಡರೆ ಗಂಟು ಬಿಡಿಸುವ ಬದಲು ಕಿತ್ತೇ ಬರುತ್ತಿತ್ತು. ಕಡೆಗೆ ಒಂದು ದಿನ ನರ್ಸಿಗೆ ಹೇಳಿ ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡಳು. ಆ ಸಂಜೆ ವಿಡಿಯೋ ಕಾಲಿನಲ್ಲಿ ಅದನ್ನು ನೋಡಿದ ಅವ್ವ ಫೋನನ್ನು ಮನೀಷಾಳ ಕೈಗೆ ಕೊಟ್ಟು ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಮುಖ ತೊಳೆದಿದ್ದಳು.

ಚಾತುರ್ಮಾಸ ಮುಗಿದು ಮುನಿಗಳು ಊರೂರು ನಡೆಯಲು ಹೊರಟ ಮೇಲೆ ಅವಳು ಒಂದು ಬೆಳಿಗ್ಗೆ ಹೇಳಿದಳು, "ಮಹಾರಾಜರು ದೇಶಾ ತಿರಗತಾರ. ನಾ ಗಡಹಿಂಗ್ಲಜಕ್ಕ ಹೋಗಾಕಾಗೂದಿಲ್ಲೇನು? ನಡಕೋತ ಹೋಗ್ತೀನಿ. ಮೆಲ್ಲಕ ಹೋದ್ರಾತು."

ಎರಡು ತಾಲೂಕು, ನಡುವೆ ಕರ್ನಾಟಕ, ಅದರ ಮೇಲೊಂದು ಘಾಟು. ಅವಳ ಬಲಗಾಲಿನ ಮೊಣಕಾಲು ಮೆಟ್ಟಿಲು ಹತ್ತಿದರೇ ಊದಿಕೊಳ್ಳುತ್ತದೆ. ಎಲ್ಲರೂ ಬಾಯಿ ನೋಯುವಷ್ಟು ಹೇಳಿದರು. ಜಿನಗೊಂಡ ಕೈಮುಗಿದ. ಅವಳು ಬಾವಿಯ ನೀರಿಗೆ ಕೊಡ, ಸೋಸಲು ಬಟ್ಟೆ, ಸಣ್ಣ ಒಲೆ, ಹಿಟ್ಟು, ಬೇಳೆ ಎಲ್ಲವನ್ನೂ ಚೀಲಗಳಲ್ಲಿ ಕಟ್ಟಿಟ್ಟಳು. ಇಷ್ಟೆಲ್ಲ ಸಾಮಾನು ಅವಳ ಹಿಂದೆ ಬರಬೇಕಲ್ಲ, ಅದಕ್ಕೊಂದು ಗಾಡಿ ಬೇಕಲ್ಲ.

ಅಭಯ ಹಳೆಯ ಗಾಡಿಯಲ್ಲಿ ಒಂದು ದಿನ ಅವಳ ಹಿಂದೆ ಬಸದಿಯವರೆಗೆ ಹೋಗಿ ನೋಡಿದ. ಕ್ಲಚ್ಚು ಸುಟ್ಟ ವಾಸನೆ ಬಂತು. ಡೀಸೆಲ್ ಹೊಗೆ ಗಾಳಿಗೆ ಮುಂದಕ್ಕೆ ಹೋಗಿ ಅವ್ವ ಕೆಮ್ಮಿದಳು. ಮರುದಿನ ಕೊಲ್ಹಾಪುರಕ್ಕೆ, ಕರೆಂಟಿನ ಕಾರಿನ ಶೋರೂಮಿಗೆ ಹೋದ. ಆ ರೋಹನ ಈಗ ಅಲ್ಲಿ ಸೇರಿಕೊಂಡಿದ್ದ. "ಬರ್ರಿ ದಾದಾ, ಬರ್ರಿ! ಒಟ್ಟು ಮನಸ್ಸ ಮಾಡಿದ್ರಿ ಅನ್ನರಿ. ನಾಲ್ಕೂ ಗಾಲಿ ಎಳೀತಾವ್ರಿ ಇದರಾಗ. ಜೀರೋದಿಂದ ನೂರು..."

"ಅದು ಬ್ಯಾಡ," ಅಭಯ ತಡೆದ. "ಎಷ್ಟು ಸಾವಕಾಶ ಹೋಗತೈತಿ ಅದನ್ನ ಹೇಳು."

ರೋಹನ ನಕ್ಕ, ಗಿರಾಕಿ ನಗಲಿಲ್ಲ. "ಅಂದ್ರರಿ?"

"ವಯಸ್ಸಾದ ಹೆಣ್ಣಮಗಳು ನಡಿಯೂವಷ್ಟು. ದಿನಾಪೂರ್ತಿ. ಬಿಸಿ ಆಗಬಾರದು, ಹೊಗಿ ಬರಬಾರದು, ಸಪ್ಪಳ ಬರಬಾರದು. ಘಾಟಿನ್ಯಾಗ ನಿಂತು ನಿಂತು ಏರಬೇಕು. ಹಿಂದ ಜಾರಬಾರದು."

ರೋಹನ ಅವನ ಮುಖವನ್ನೇ ನೋಡಿದ. ಆಮೇಲೆ ಮಾರುವವನ ದನಿ ಬಿಟ್ಟು ಮೆಲ್ಲಗೆ, "ಹೋಗತೈತ್ರಿ," ಎಂದ. ಅಷ್ಟು ವರ್ಷ ಕನಸು ಕಂಡು, ಅಷ್ಟು ವಿಡಿಯೋ ನೋಡಿ, ಮೂರರಲ್ಲಿ ಅಭಯ ಆರಿಸಿದ್ದು ಸದ್ದಿಲ್ಲದ್ದನ್ನು. ಪೂಜೆಯ ದಿನ ನೆರೆಹೊರೆಯವರು ಬಂದು ಎಷ್ಟು ಓಡುತ್ತದೆ ಎಂದು ಕೇಳಿದರು. ಅವನು ಎಲ್ಲರಿಗೂ ಪೇಢೆ ಕೊಟ್ಟ.

ಹೊರಟರು. ಮೊದಲ ದಿನ ಬೋರಗಾಂವದವರೆಗೆ ಮನೀಷಾ ಅತ್ತೆಯ ಜೊತೆ ನಡೆದು, ಮಾವನನ್ನೂ ಮನೆಯನ್ನೂ ನೋಡಿಕೊಳ್ಳಲು ಬಸ್ಸು ಹಿಡಿದು ತಿರುಗಿ ಹೋದಳು. ಆಮೇಲೆ ಅವ್ವ, ಮಗ ಇಬ್ಬರೇ. ಅವ್ವ ರಸ್ತೆಯ ಅಂಚಿನಲ್ಲಿ ನೆಲ ನೋಡಿಕೊಂಡು ಬರಿಗಾಲಲ್ಲಿ ನಡೆಯುವಳು, ಒಂದು ಇರುವೆ ಸಾಲು ಕಂಡರೂ ನಿಲ್ಲುವಳು. ಅಭಯ ಸ್ಟೇರಿಂಗು ಹಿಡಿದು ಅವಳ ಬೆನ್ನು ನೋಡುತ್ತ ಉರುಳುವನು. ಕಬ್ಬಿನ ಟ್ರ್ಯಾಕ್ಟರುಗಳು ಹಾರ್ನ್ ಹೊಡೆದು ದಾಟಿ ಹೋಗುತ್ತಿದ್ದವು. "ಹೊಸಾ ಗಾಡಿ, ಬಂದ್ ಬಿತ್ತೇನ್ರಿ ಪಾವಣೇರ?" ಎಂದು ಒಬ್ಬ ಕೂಗಿದ. ಹತ್ತಿರದಲ್ಲಿ ಮನುಷ್ಯರಿದ್ದಾರೆ ಎಂದು ಕಾರು ಗಳಿಗೆಗೊಮ್ಮೆ ಕೂಗಿಕೊಳ್ಳುತ್ತಿತ್ತು. ಅದನ್ನು ಬಂದ್ ಮಾಡುವುದು ಹೇಗೆಂದು ಅಭಯ ರೋಹನನಿಗೆ ಫೋನು ಮಾಡಿ ಕೇಳಬೇಕಾಯಿತು. ಮಧ್ಯಾಹ್ನಕ್ಕೆ ಯಾವುದಾದರೂ ಬಸದಿಯ ಬಾವಿಯ ಹತ್ತಿರ ಒಲೆ ಹೂಡಿ ಉಣ್ಣುವುದು, ಹೊತ್ತಿಳಿಯುವ ಮುನ್ನ ಇನ್ನೊಮ್ಮೆ. ಊಟಕ್ಕೆ ಈಗ ಯಾವ ಅವಸರವೂ ಇರಲಿಲ್ಲ.

ವೃಷಾಲಿ ದಿನಕ್ಕೊಮ್ಮೆ ಫೋನು ಮಾಡುತ್ತಿದ್ದಳು. "ಎಲ್ಲಿಗಿ ಬಂದ್ರೋ ಅಣ್ಣಾ?" ಅವಳ ದನಿಯಲ್ಲಿ ಹುಡುಗಿಯ ಹಿಗ್ಗಿತ್ತು. ಅವ್ವನಿಗಾಗಿ ಮಂಚವನ್ನು ಕಿಟಕಿಯ ಹತ್ತಿರ ಸರಿಸಿಕೊಂಡಿದ್ದಾಳಂತೆ, ಅಲ್ಲಿಂದ ರಸ್ತೆ ಕಾಣುತ್ತದಂತೆ.

ನಿಪ್ಪಾಣಿ ದಾಟಿ ತವಂದಿ ಘಾಟಿನ ಬುಡಕ್ಕೆ ಬರುವ ಹೊತ್ತಿಗೆ ಅವ್ವನ ಮೊಣಕಾಲು ಬಾತು ಕುಂಬಳಕಾಯಿಯಾಗಿತ್ತು. ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಅಭಯ ಕಾರು ನಿಲ್ಲಿಸಿ ಓಡಿ ಬಂದ. ತಿಳಿದೂ ತಿಳಿಯದೆ ಅವಳ ಕಡೆಯ ಬಾಗಿಲು ತೆಗೆದುಬಿಟ್ಟಿದ್ದ. ಅವ್ವ ಆ ಬಾಗಿಲನ್ನು ನೋಡಿದಳು, ಮಗನನ್ನು ನೋಡಿದಳು. ಆಮೇಲೆ ಹೊರಗೆ ನಿಂತೇ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು.

"ನನಗೇನಾಗೇತಿ? ಆರಾಮ ಅದೇನಿ," ಎಂದಳು. "ನೀ ಹಿಂದ ಹಿಂದ ಬಂದ್ರ ನನಗ ನಡಿಯಾಕ ಬಗಿಹರಿಯೂದಿಲ್ಲ. ನೀ ಮುಂದ ಹೋಗು. ಘಾಟ ಏರಿ ಬಸದಿ ಹಂತೇಕ ಒಲಿ ಹಚ್ಚು. ನಾ ಬರ್ತೀನಿ."

"ಅವ್ವಾ..."

"ಹೋಗಂದ್ರ ಹೋಗು. ನಾ ಏನು ಸಣ್ಣ ಕೂಸು?"

ಅವನು ಹೋದ. ಮೊದಲ ಬಾರಿ ಅವ್ವನನ್ನು ದಾಟಿ ಮುಂದೆ ಹೋದ. ಕಾರು ಏರನ್ನು ಏರು ಎನ್ನದೆ ಏರಿತು. ಮೊದಲ ತಿರುವು ದಾಟಿದ್ದೇ ತಡ, ಮುಂದೆ ಹೋಗಲು ಅವನಿಂದ ಆಗಲಿಲ್ಲ. ಪಕ್ಕಕ್ಕೆ ನಿಲ್ಲಿಸಿ, ಬಂದ್ ಮಾಡಿ, ಕಾಲ್ನಡಿಗೆಯಲ್ಲಿ ತಿರುವಿನವರೆಗೆ ವಾಪಸು ಬಂದು ಗಿಡದ ಮರೆಯಿಂದ ಇಣುಕಿದ.

ಅವ್ವ ರಸ್ತೆಯ ಕಟ್ಟೆಯ ಮೇಲೆ ಕೂತಿದ್ದಳು. ಮೊಣಕಾಲನ್ನು ಎರಡೂ ಕೈಯಿಂದ ಅಪ್ಪಿಕೊಂಡು ಹಿಂದೆ ಮುಂದೆ ತೂಗುತ್ತಿದ್ದಳು. ಮಗ ದೂರ ಹೋದನೆಂದು ನಂಬಿ ಜೋರಾಗಿಯೇ ಅಳುತ್ತಿದ್ದಳು. "ನನ್ನಿಂದ ಆಗೂದಿಲ್ಲವ್ವಾ ವೃಷಾ," ಎನ್ನುತ್ತಿದ್ದಳು, ಮಗಳು ಎದುರಿಗೇ ಇದ್ದ ಹಾಗೆ. "ಆಗೂದಿಲ್ಲ ನನ್ನಿಂದ. ಅವನಿಗಿ ಹೆಂಗ ಹೇಳಲಿ? ನಿನಗ ಹೆಂಗ ಹೇಳಲಿ?"

ಅಭಯ ಒಂದು ಹೆಜ್ಜೆ ಮುಂದಿಟ್ಟ. ಅವ್ವ ಈಗ ಹಗುರ ಇದ್ದಾಳೆ. ಎತ್ತಿ ಕೂರಿಸಿದರೆ ಕಣ್ಣೀರು ಆರುವ ಮೊದಲೇ ಗಡಹಿಂಗ್ಲಜದ ಆ ಕಿಟಕಿಯ ಮುಂದೆ ಇಳಿಸಬಹುದು. ಇಳಿಸಿದ ಮೇಲೆ ಅವಳು ಮತ್ತೆ ತುತ್ತು ಮುಟ್ಟುವುದಿಲ್ಲ, ಅದೂ ಅವನಿಗೆ ಗೊತ್ತು. ಹೋಗಿ ಪಕ್ಕದಲ್ಲಿ ಕೂರೋಣವೆಂದರೆ, ತಾನು ಅತ್ತದ್ದನ್ನು ಮಗ ನೋಡಿದ ಎಂದು ಅವಳಿಗೆ ತಿಳಿಯುತ್ತದೆ. ಅವಳ ಹತ್ತಿರ ಉಳಿದಿರುವುದು ಅದೊಂದೇ ಬಿಗುಮಾನ. ಇಟ್ಟ ಹೆಜ್ಜೆಯನ್ನು ಅವನು ಹಿಂದಕ್ಕೆ ತೆಗೆದ. ಸದ್ದಾಗದಂತೆ ಕಾರಿಗೆ ಬಂದು ಕೂತ.

ಫೋನು ರಿಂಗಾಯಿತು. ವೃಷಾಲಿ.

"ಅಣ್ಣಾ, ಎಲ್ಲಿಗಿ ಬಂದ್ರೋ? ಘಾಟ ಹತ್ತಿದ್ರೇನು? ಅವ್ವ ಹೆಂಗ ನಡ್ಯಾಕತ್ತಾಳ?"

"ಚಲೋ ನಡ್ಯಾಕತ್ತಾಳ," ಎಂದ ಅಭಯ. "ಬರಾಕತ್ತೇವಿ."